ವಟಾಣಾ ತಿನ್ನದ ವಟಾಣಾ ಮೀನು

ಕುಕ್ಕರಿನ ರಬ್ಬರು ಬದಲಿಸಲು ಹೋದವಳು ಮೀನು ತಂದೆ. ಇದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಸೊಲ್ಲಾಪುರದಲ್ಲಿ ನಾನು ಹೋಗುವ ಕುಕ್ಕರ್ ರಿಪೇರಿ ಅಂಗಡಿಗೂ ಸಾಕುವ ಮೀನು ಮಾರುವ ಅಂಗಡಿಗೂ ನಡುವೆ ಒಂದೇ ಗೋಡೆ. ರಿಪೇರಿಯವನು ‘ಜರಾ ನಿಲ್ರಿ ಬಾಯಿ, ಬಂದೆ’ ಎಂದು ಕುಕ್ಕರನ್ನು ಬಿಚ್ಚಿಟ್ಟು ಚಹಾ ಕುಡಿಯಲು ಹೋದ. ನಿಲ್ಲು ಎಂದು ಹೇಳಿ ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಉರಿಯಲ್ಲೇ ಪಕ್ಕದ ಅಂಗಡಿಗೆ ಹೊಕ್ಕೆ.

ಅಲ್ಲಿ ಕೆಂಪು ಮೀನು, ಬಂಗಾರದ ಬಣ್ಣದ ಮೀನು, ಸೆರಗು ಇಳಿಬಿಟ್ಟಂತೆ ಬಾಲ ಬಿಟ್ಟುಕೊಂಡ ಮೀನು ಎಲ್ಲವೂ ಇದ್ದವು. ಅವು ಯಾವುವೂ ನನ್ನ ಕಡೆ ನೋಡಲಿಲ್ಲ. ಮೂಲೆಯ ಸಣ್ಣ ಗಾಜಿನ ತೊಟ್ಟಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಮೂರು ಮೀನುಗಳಿದ್ದವು. ಹಳದಿ ಬೆರೆತ ಹಸಿರು ಮೈ, ಮೈ ತುಂಬ ಕಪ್ಪು ಚುಕ್ಕೆ, ಹೊಟ್ಟೆ ಬೆಳ್ಳಗೆ. ಅವುಗಳಲ್ಲಿ ತೀರ ಸಣ್ಣದು ಗಾಜಿಗೆ ಮೂತಿ ಹಚ್ಚಿ ನಿಂತುಬಿಟ್ಟಿತು. ಅದರ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ರಸ್ತೆಯ ಮೇಲೆ. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಸರಿದರೆ ಅದೂ ಬಲಕ್ಕೆ. ಮದುವೆಯಾದಂದಿನಿಂದ ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ನಾನು ಸೋತೆ.

‘ವಟಾಣಾ ಪಫರ್ ಆಹೇ ತೇ, ತಾಈ,’ ಎಂದ ಅಂಗಡಿಯವನು. ವಟಾಣಾ ಎಂದರೆ ಬಟಾಣಿ ಕಾಳು. ಹೆದರಿದಾಗ ಮೈ ಉಬ್ಬಿಸಿ ಕಾಳಿನ ಹಾಗೆ ದುಂಡಗಾಗುತ್ತದೆ, ದಕ್ಷಿಣದ ಹೊಳೆಗಳ ಮೀನು, ಬೇರೆ ಮೀನಿನ ಜೊತೆ ಬಿಟ್ಟರೆ ಅವುಗಳ ಬಾಲ ಕಡಿಯುತ್ತದೆ ಎಂದೆಲ್ಲ ಹೇಳಿದ. ಏನು ತಿನ್ನುತ್ತದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೆಸರೇ ವಟಾಣಾ ಎಂದ ಮೇಲೆ ಕೇಳುವುದೇನು? ಮೂರನ್ನೂ ಕಟ್ಟಿಸಿಕೊಂಡು ತಂದೆ.

ಮನೆಯಲ್ಲಿ ನಾವು ಮೂವರೇ. ಟಾವೆಲ್ಲು, ಚಾದರಿನ ಅಂಗಡಿ ನಡೆಸುವ ನನ್ನ ಗಂಡ, ಅವರ ತಾಯಿ, ನಾನು. ಅತ್ತೆಯೆಂದರೆ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಚೂರಿ. ನಾನೂ ಏನು ಕಡಿಮೆಯಲ್ಲ. ಇಬ್ಬರೂ ದಿನವಿಡೀ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಇರುತ್ತೇವೆ, ಒಂದು ದಿನ ಆಕೆ ಬಯ್ಯದಿದ್ದರೆ ಮೈಗೆ ಹುಷಾರಿಲ್ಲವೇನೋ ಎಂದು ನಾನು ಹಣೆ ಮುಟ್ಟಿ ನೋಡುತ್ತೇನೆ. ಗಾಜಿನ ತೊಟ್ಟಿ ಅಡುಗೆಮನೆಯ ಪಕ್ಕದ ಕಟ್ಟೆಯ ಮೇಲೆ ಕುಳಿತಾಗ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು.

‘ಏನ ತಿಂತಾವ ಇವು?’

‘ವಟಾಣಾ ಅಂತರಿ ಅತ್ತಿ.’

‘ಹಂಗಾದ್ರ ನಮ್ಮಂಥವ ಅವ. ಇರಲಿ ಬಿಡು.’

ಅಂದಿನಿಂದ ವಟಾಣಾ ಬೇಯಿಸುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಕಾಳು ಮೆತ್ತಗೆ ಬೇಯಿಸಿ, ಸಿಪ್ಪೆ ಸುಲಿದು, ಬೆರಳ ತುದಿಯಲ್ಲಿ ನುರಿದು ನೀರಿಗೆ ಬಿಡುತ್ತಿದ್ದರು. ಮೀನುಗಳು ಬಂದು ಒಂದು ಕಣ್ಣಿನಿಂದ ನೋಡಿ, ಆಮೇಲೆ ತಿರುಗಿ ಇನ್ನೊಂದು ಕಣ್ಣಿನಿಂದಲೂ ನೋಡಿ, ಬೀಗರ ಮನೆಯ ಅಡುಗೆಗೆ ಕೊಂಕು ತೆಗೆದವರಂತೆ ಹೊರಟುಹೋಗುತ್ತಿದ್ದವು. ‘ಇವಕ್ಕೂ ನಿನ್ನಂಗ ಸೊಕ್ಕ ನೋಡು,’ ಎನ್ನುತ್ತಿದ್ದರು ಅತ್ತೆ. ಉಳಿದ ಕಾಳು ಕೊಳೆತು ನೀರು ಮಬ್ಬಾಗುತ್ತಿತ್ತು. ನಳಕ್ಕೆ ನೀರು ಬರುವ ದಿನ ಕೊಡ, ಬಕೆಟ್ಟು, ಪಾತೇಲಿಗಳ ಸಾಲಿನಲ್ಲಿ ಮೀನಿನ ನೀರಿಗೂ ಒಂದು ಬಕೆಟ್ಟು ಸೇರಿತು. ನೀರು ಬದಲಿಸಿದ್ದೇ ಬದಲಿಸಿದ್ದು, ಒಂದರ ಹಿಂದೆ ಒಂದರಂತೆ ಎರಡು ಮೀನು ಸತ್ತವು.

‘ನನ್ನ ಕೈ ಅಡಿಗಿ ತಿಂದು ಸತ್ತುವು ಅನ್ನಂಗ ಆತಲ್ಲ,’ ಎಂದು ಅತ್ತೆ ಪೇಚಾಡಿದರು. ‘ತಿಂದಲ್ರಿ, ತಿನ್ನದ ಸತ್ತುವು,’ ಎಂದೆ. ಆ ವಾರ ಅತ್ತೆ ಅಕ್ಕಲಕೋಟದಲ್ಲಿರುವ ಮಗಳ ಮನೆಗೆ ಹೋಗುವಾಗಲೂ ಮುಖ ಸಣ್ಣದು ಮಾಡಿಕೊಂಡೇ ಹೋದರು.

ಉಳಿದದ್ದು ಆ ಸಣ್ಣದು, ನನ್ನನ್ನು ನೋಡಿದ್ದು. ಅದರ ಹೊಟ್ಟೆ ಒಳಕ್ಕೆ ಹೋಗಿತ್ತು. ನಾನು ಅಂಗಡಿಗೆ ಹೋಗಿ ಕೇಳಿದೆ. ವಟಾಣಾ ಹಾಕಿದೆ ಎಂದದ್ದೇ ತಡ, ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದುಬಿದ್ದು ನಕ್ಕ. ‘ನುಸತಂ ನಾವ ವಟಾಣಾ ಹೋ ತಾಈ,’ ಎಂದ. ಹೆಸರಷ್ಟೇ ವಟಾಣಾ ಅಂತೆ. ತಿನ್ನುವುದು ಜೀವ ಇರುವುದನ್ನು, ಅದರಲ್ಲೂ ಗೋಗಲಗಾಯ ಎಂದರೆ ಪ್ರಾಣ. ಬೇಕಾದರೆ ಹೆಪ್ಪುಗಟ್ಟಿಸಿದ ಕೆಂಪು ಹುಳದ ಪಾಕೀಟು ಇದೆ, ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ ಎಂದ. ನಮ್ಮ ಫ್ರಿಜ್ಜಿನಲ್ಲಿ ಶ್ರೀಖಂಡದ ಡಬ್ಬಿಯ ಪಕ್ಕ ಹುಳದ ಪಾಕೀಟು ಇಟ್ಟರೆ ಅತ್ತೆ ಫ್ರಿಜ್ಜನ್ನೇ ಬೀದಿಗೆ ಹಾಕಿಸುತ್ತಾರೆ. ಗೋಗಲಗಾಯವೇ ಸರಿ ಎಂದೆ. ಅದು ಅವನ ಬಳಿ ಆಗ ಇರಲಿಲ್ಲ. ಊರ ಕಡೆ ದನದ ನೀರಿನಲ್ಲಿ ಬೇಕಾದಷ್ಟು ಸಿಗುತ್ತವಲ್ಲ ಎಂದ.

ನನ್ನ ತವರು ಅಕ್ಕಲಕೋಟದ ಆಚೆ, ಕರಜಗಿ. ಮರುದಿನವೇ ಎಸ್.ಟಿ. ಬಸ್ಸು ಹತ್ತಿದೆ. ಅಣ್ಣನ ತೋಟದಲ್ಲಿ ದನಗಳು ನೀರು ಕುಡಿಯುವ ಸಿಮೆಂಟಿನ ತೊಟ್ಟಿಯ ಅಂಚಿಗೆ ಪಾಚಿ, ಪಾಚಿಗೆ ಅಂಟಿಕೊಂಡು ಚಿಪ್ಪು ಹೊತ್ತ, ಕಡಲೆಕಾಳಿನಷ್ಟು ಸಣ್ಣ ಸಣ್ಣ ಗೋಗಲಗಾಯಗಳು. ನಾನು ಸೀರೆ ಎತ್ತಿಕಟ್ಟಿ ಅವನ್ನು ಒಂದೊಂದಾಗಿ ಸ್ಟೀಲಿನ ಡಬ್ಬಿಗೆ ಹಾಕುವುದನ್ನು ಅಣ್ಣ ನಿಂತು ನೋಡಿದ.

‘ಮಂದಿ ತವರಮನಿಂದ ಸೀರಿ ಒಯ್ತಾರ. ನೀ ಇದನ್ನ ಒಯ್ಯಾಕತ್ತೀಯಲ್ಲ ತಂಗಿ. ನಿಮ್ಮತ್ತಿ ಏನಂದಾಳು?’

‘ಆಕಿಗೆ ನಾ ಹೇಳ್ತೀನಿ ತಗೋ,’ ಎಂದೆ.

ಹೇಳುವುದು ಏನು ಎಂದು ಆಗ ನಾನು ಯೋಚಿಸಿರಲಿಲ್ಲ. ಇದನ್ನು ನಮ್ಮ ಕಡೆಯವರಲ್ಲದವರಿಗೆ ತುಸು ಬಿಡಿಸಿ ಹೇಳಬೇಕು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಮನೆಯ ಮಾತು ಕನ್ನಡ. ಆದರೆ ಪೇಟೆಯಲ್ಲಿ ಕೇಳಿದ್ದು ಮರಾಠಿಯಲ್ಲೇ ತಲೆಯಲ್ಲಿ ಕೂರುತ್ತದೆ. ಅಂಗಡಿಯವನು ಗೋಗಲಗಾಯ ಎಂದ, ನಾನು ಗೋಗಲಗಾಯ ಹುಡುಕಿದೆ, ಗೋಗಲಗಾಯ ತುಂಬಿಕೊಂಡೆ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂಬುದು ನನ್ನ ತಲೆಯಲ್ಲಿ ಒಂದು ಸಲವೂ ಸುಳಿಯಲಿಲ್ಲ.

ತಿರುಗಿ ಬರುವಾಗ ಅಕ್ಕಲಕೋಟದಲ್ಲಿ ಇಳಿದು ಅತ್ತೆಯನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದೆ. ದೇವರ ದರ್ಶನ ಮುಗಿಸಿದ ಪರವೂರಿನ ಮಂದಿ, ಪ್ರಸಾದದ ಚೀಲ, ಅಳುವ ಕೂಸು, ಬಸ್ಸು ತುಂಬಿತ್ತು. ನಾವಿಬ್ಬರೂ ಹೇಗೋ ಒಂದು ಸೀಟು ಹಿಡಿದೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು.

‘ತವರಮನಿಂದ ಶೇಂಗಾ ಚಟ್ನಿ ತಂದೇನು? ತಗಿ, ಜರಾ ಬಾಯಾಗ ಹಾಕ್ಕೋತೀನಿ.’

ನಾನು ತಡೆಯುವಷ್ಟರಲ್ಲಿ ಮುಚ್ಚಳ ಅವರ ಕೈಗೆ ಬಂದಿತ್ತು. ಅವರು ಒಳಗೆ ನೋಡಿದರು, ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದರು.

‘ಇದೇನ?’

‘ಮೀನಕ್ಕ ಅತ್ತಿ. ಅದು ಇದನ್ನ ತಿಂತದಂತ. ವಟಾಣಾ ತಿನ್ನಂಗಿಲ್ಲಂತ.’

‘ಬಸವನಹುಳ!’ ಎಂದರು ಅತ್ತೆ, ಇಡೀ ಬಸ್ಸಿಗೆ ಕೇಳುವಂತೆ. ‘ಬಸವನಹುಳ ತಿನ್ನಸ್ತೀ ಅದಕ್ಕ? ಬಸವಣ್ಣನ ಹೆಸರು ಹೊತ್ತದ್ದನ್ನ? ಲಿಂಗ ಕಟ್ಟಿದ ಮನ್ಯಾಗ?’

ಹೌದಲ್ಲ, ಬಸವನಹುಳು! ಮೂರನೆಯ ಇಯತ್ತೆಯ ಪುಸ್ತಕದಲ್ಲಿ ಚಿತ್ರ ಸಹಿತ ಕಲಿತಿದ್ದೆ. ಆದರೆ ಸೋಲುವ ಜಾತಿ ನಾನಲ್ಲ. ‘ಅದು ಕನ್ನಡದಾಗ ಅತ್ತಿ,’ ಎಂದೆ. ‘ಮರಾಠಿಯೊಳಗ ಹಂಗ ಅನ್ನಂಗಿಲ್ಲ. ಗೋಗಲಗಾಯ ಅಂತಾರ.’

ಹೇಳಿದ ಮೇಲೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡೆ. ಅತ್ತೆ ಬಿಡುವವರೇ?

‘ಗಾಯ ಅಂದ್ರ ಏನವಾ?’

ಮುಂದಿನ ಸೀಟಿನ ಮರಾಠಿ ಹೆಂಗಸೊಬ್ಬಳು ತಿರುಗಿ, ಕೇಳದಿದ್ದರೂ, ‘ಗಾಯ ಮ್ಹಣಜೇ ಆಕಳ,’ ಎಂದು ಹೇಳಿ ಪುಣ್ಯ ಕಟ್ಟಿಕೊಂಡಳು.

‘ಕನ್ನಡದಾಗ ಎತ್ತು, ಮರಾಠ್ಯಾಗ ಆಕಳು,’ ಎಂದರು ಅತ್ತೆ. ‘ಎಲ್ಲಿಗೆ ಓಡ್ತೀ ಈಗ?’

ಅರ್ಧ ಬಸ್ಸು ನಗುತ್ತಿತ್ತು. ಕಂಡಕ್ಟರನೂ ನಮ್ಮ ಪಕ್ಕ ನಿಂತು ನಕ್ಕ. ‘ಇಂಗ್ಲಿಷಿನ್ಯಾಗ ಸ್ನೇಲ್ ಅಂತಾರ್ರಿ ಆಯಿ, ಅದರಾಗ ಯಾವ ದೇವ್ರೂ ಇಲ್ಲ,’ ಎಂದ.

ಅತ್ತೆ ಮಾತ್ರ ನಗಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. ‘ಹೆಸರು ಬದಲಿ ಮಾಡಿದ್ರ ಜೀವ ಬದಲಿ ಆಗತದೇನು? ಕೊಲ್ಲೋದು ಮೀನ, ಖರೆ. ಒಪ್ಪಸೋ ಕೈ ನಿಂದು. ಆ ಕೈಲೆ ಮಾಡಿದ್ದು ನಾ ಉಣ್ಣಂಗಿಲ್ಲ ನೋಡು.’ ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಬೇರೆ ಯಾವ ಶಿಕ್ಷೆಯಾದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ಅತ್ತೆ ಜೋಳದ ಭಕ್ಕರಿ ಬಡಿಯುವುದನ್ನು ಬಿಟ್ಟು ಹಿಟ್ಟು ನಾದುವ ಪರಾತವನ್ನು ನನಗೆ ಒಪ್ಪಿಸಿದ್ದರು. ಅಂದಿನಿಂದ ನನ್ನ ಕೈಯ ಭಕ್ಕರಿ ಬಿಟ್ಟರೆ ಇನ್ನಾರದೂ ಅವರ ಗಂಟಲಿಗೆ ಇಳಿಯುತ್ತಿರಲಿಲ್ಲ. ಮಗಳ ಭಕ್ಕರಿ ದಪ್ಪ, ತಂಗಿಯದು ಹಸಿಬಿಸಿ, ಖಾನಾವಳಿಯದು ರಟ್ಟು. ನನ್ನದು ಚಲೋ ಎಂದು ನನ್ನ ಮುಂದೆ ಒಮ್ಮೆಯೂ ಹೇಳಿದವರಲ್ಲ. ನನಗೆ ಬಿಟ್ಟು ಊರಿಗೆಲ್ಲ ಹೇಳಿದ್ದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಅವರ ಚೂರಿ ಬಾಯಿಯನ್ನು ತಡೆದುಕೊಂಡಿದ್ದೆ.

ಮನೆಗೆ ಬಂದು ಹುಳುಗಳನ್ನು ಒಂದು ಗಾಜಿನ ಬರಣಿಯಲ್ಲಿ ಬಿಟ್ಟು, ಒಂದನ್ನು ಎತ್ತಿ ಮೀನಿನ ನೀರಿಗೆ ಹಾಕಿದೆ. ಮೀನು ಬಂದು ನಿಂತಿತು. ಎರಡೂ ಕಣ್ಣು ಮೊದಲ ಸಲ ಒಂದೇ ಕಡೆ ತಿರುಗಿದವು. ಹುಳು ಚಿಪ್ಪಿನಿಂದ ಮೆಲ್ಲಗೆ ತಲೆ ಹೊರಹಾಕುವವರೆಗೆ ಅಲ್ಲಾಡದೆ ಕಾದು ಟಕ್ಕನೆ ಕಡಿಯಿತು. ನೋಡುನೋಡುತ್ತ ಅದರ ಹೊಟ್ಟೆ ದುಂಡಗಾಯಿತು, ಆಗ ನಿಜವಾಗಿಯೂ ವಟಾಣಾ ಕಾಳೇ. ನನಗೆ ಸಂತೋಷವಾಯಿತು, ಸುಳ್ಳು ಹೇಳಲಾರೆ. ತಿರುಗಿ ನೋಡಿದರೆ ಅತ್ತೆ ಹಾಲಿಗೆ ಚುರುಮುರಿ ಹಾಕಿಕೊಂಡು ಕುಳಿತಿದ್ದರು.

ಹಾಲು, ಬಾಳೆಹಣ್ಣು, ಚುರುಮುರಿ. ಅದರ ಮೇಲೆಯೇ ಅವರು ದಿನ ಕಳೆಯತೊಡಗಿದರು. ರವಿಕೆಯ ತೋಳು ಸಡಿಲಾಯಿತು. ಗಂಡ ‘ಮೀನ ವಾಪಸ ಕೊಟ್ಟ ಬಾ, ಕಿರಿಕಿರಿ ಹೋಗಲಿ,’ ಎಂದರು. ಕೊಟ್ಟರೆ ಅಂಗಡಿಯ ಮೂಲೆಯಲ್ಲಿ ಅದನ್ನು ಯಾರು ನೋಡುತ್ತಾರೆ? ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಎರಡು ಹೊಟ್ಟೆ, ಒಂದು ತುಂಬಿಸಿದರೆ ಇನ್ನೊಂದು ಖಾಲಿ. ನಾನು ಪರಾತದ ಮುಂದೆ ಕುಳಿತು ಇಬ್ಬರಿಗಷ್ಟೇ ಹಿಟ್ಟು ಕಲಸುವಾಗ ಅಳು ಬರುತ್ತಿತ್ತು.

ದಾರಿ ತೋರಿಸಿದ್ದು ಕೆಳಗಿನ ಮನೆಯ ವಹಿನಿ. ಮರಾಠಿಯವಳು, ನನ್ನ ವಯಸ್ಸಿನವಳು, ಅತ್ತಿಗೆ ಎನ್ನುವಂತೆ ವಹಿನಿ ಎಂದೇ ಕರೆಯುತ್ತೇವೆ, ಭಾನುವಾರ ಅವಳ ಮನೆಯ ಮಟನ್ನಿನ ಮಸಾಲೆ ಮೆಟ್ಟಿಲು ಹತ್ತಿ ನಮ್ಮಲ್ಲಿಗೂ ಬರುತ್ತದೆ. ವಿಷಯ ಕೇಳಿ, ‘ಎವಢಂಚ ನಾ? ಮೀ ಟಾಕತೇ ಕೀ,’ ಎಂದಳು. ಇಷ್ಟೇ ತಾನೇ, ನಾನು ಹಾಕುತ್ತೇನಲ್ಲ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಆಕಿ ಕೈ ಆಕಿದು,’ ಎಂದರು ಕೊನೆಗೆ. ಅವತ್ತು ಮಧ್ಯಾಹ್ನ ನನ್ನ ಕೈಯ ಭಕ್ಕರಿಯನ್ನು ಎರಡರ ಮೇಲೆ ಅರ್ಧ ಉಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಸವನಹುಳು ಮಾತ್ರ ಸಾಯುತ್ತಿದ್ದವು. ಅದರ ಬಗ್ಗೆ ನಾವಿಬ್ಬರೂ ಮಾತೆತ್ತುತ್ತಿರಲಿಲ್ಲ. ವಹಿನಿ ಅತ್ತೆಗೆ ಕಣ್ಣು ಹೊಡೆದು ನನ್ನನ್ನು ತೋರಿಸಿ, ‘ಗೋಗಲಗಾಯ, ಪೋಟಾತ ಪಾಯ,’ ಎನ್ನುತ್ತಿದ್ದಳು. ಗೋಗಲಗಾಯಕ್ಕೆ ಕಾಲು ಹೊಟ್ಟೆಯೊಳಗೆ ಅಂತ, ಮೇಲೆ ಸಾಧು, ಒಳಗೆ ಕಿಲಾಡಿ ಎಂಬವರಿಗೆ ಹೇಳುವ ಗಾದೆ ಅದು. ಅತ್ತೆಗೆ ಆ ಗಾದೆ ಬಹಳ ಹಿಡಿಸಿತು.

ಹೀಗೆ ಬೇಸಿಗೆ ಕಳೆಯಿತು. ಬಿಸಿಲಿಗೆ ನೀರು ಕಾಯಬಾರದೆಂದು ಅಂಗಡಿಯ ಒಂದು ಟಾವೆಲ್ಲನ್ನು ಹಸಿ ಮಾಡಿ ಗಾಜಿಗೆ ಸುತ್ತುತ್ತಿದ್ದೆ. ಅತ್ತೆ ಮಧ್ಯಾಹ್ನದ ಸೀರಿಯಲ್ಲು ಬಿಟ್ಟು ಕಟ್ಟೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅದಕ್ಕೆ ಬೈಯುತ್ತಿದ್ದರು, ಊರ ಸುದ್ದಿ ಹೇಳುತ್ತಿದ್ದರು, ಬೆರಳನ್ನು ಗಾಜಿನ ಮೇಲೆ ಆಡಿಸುತ್ತಿದ್ದರು. ನಡುಗುವ ಬೆರಳಿನ ಹಿಂದೆಯೇ ಅದು ನಡುಗುತ್ತ ಈಜುತ್ತಿತ್ತು. ವಹಿನಿಯ ಚಪ್ಪಲಿಯ ಸಪ್ಪಳ ಮೆಟ್ಟಿಲ ಮೇಲೆ ಕೇಳಿದರೆ ಮೀನು ಮೇಲಕ್ಕೆ ಬರುತ್ತಿತ್ತು, ಅತ್ತೆ ಎದ್ದು ದೇವರ ಕೋಣೆಗೆ ಹೋಗುತ್ತಿದ್ದರು.

ಆಮೇಲೆ ಶ್ರಾವಣ ಬಂತು.

ಅದರ ಹಿಂದಿನ ಅಮಾವಾಸ್ಯೆಗೆ ನಮ್ಮಲ್ಲಿ ಗಟಾರಿ ಎನ್ನುತ್ತಾರೆ. ಮಾಂಸ ತಿನ್ನುವವರು ಒಂದು ತಿಂಗಳದ್ದನ್ನೆಲ್ಲ ಅವತ್ತೇ ತಿಂದು ಮುಗಿಸುತ್ತಾರೆ. ವಹಿನಿ ಅವತ್ತು ಮೀನಿಗೂ ಗಟಾರಿ ಮಾಡಿಸಿದಳು, ಬರಣಿಯಿಂದ ಒಂದು ಮುಷ್ಟಿ ಹುಳು ತೆಗೆದು ಸುರಿದಳು. ಅದು ತಿನ್ನುವಷ್ಟು ತಿಂದು, ಉಳಿದದ್ದನ್ನು ಸುಮ್ಮನೆ ಕಡಿದು ಕೆಡವಿತು. ಮರುದಿನ ವಹಿನಿ ಬಾಗಿಲಲ್ಲೇ ನಿಂತು ಕೈ ಮುಗಿದಳು. ‘ಆತಾ ಶ್ರಾವಣ ಲಾಗಲಾ. ಮೀ ಹಾತ ನಾಹೀ ಲಾವಣಾರ.’ ಶ್ರಾವಣ ಮುಗಿಯುವವರೆಗೆ ಅವಳೂ ಜೀವ ತೆಗೆಯುವ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಅವಳನ್ನು ಅನ್ನುವಂತಿರಲಿಲ್ಲ.

ಮೊದಲ ಕೆಲವು ದಿನ ಮೀನು ಸತ್ತುಬಿದ್ದ ಚಿಪ್ಪುಗಳನ್ನು ತಡಕಾಡಿತು. ಆಮೇಲೆ ಅದರ ಹೊಟ್ಟೆ ಚಪ್ಪಟೆಯಾಯಿತು, ಆಮೇಲೆ ಒಳಕ್ಕೆ ಹೋಯಿತು, ಮೊದಲು ಸತ್ತ ಎರಡರದ್ದು ಹೋದ ಹಾಗೆಯೇ. ಚುಕ್ಕೆಗಳು ಮಂಕಾದವು. ಒಂದೇ ಮೊಳ ದೂರದ ಬರಣಿಯಲ್ಲಿ ಹುಳುಗಳು ಮರಿ ಹಾಕಿ ಗಾಜು ತುಂಬ ಹರಿದಾಡುತ್ತಿದ್ದವು. ಅತ್ತೆ ಪೂಜೆಗೆ ಕುಳಿತಾಗ ನಾನು ಕದ್ದು ಒಂದು ಹಾಕಬಹುದಿತ್ತು. ಆದರೆ ಅದೇ ಕೈಯಿಂದ ಅತ್ತೆಯ ತಾಟಿಗೆ ಭಕ್ಕರಿ ಹಾಕುವುದು ಹೇಗೆ? ಮೀನಿಗೆ ಹಾಕಿದ್ದು ಅತ್ತೆಗೆ ಮಾಡಿದ ಮೋಸವಾಗುತ್ತಿತ್ತು. ಬಾಯಿಬಿಟ್ಟು ಕೇಳಲು ನನ್ನ ಹಟ ಬಿಡಲಿಲ್ಲ. ತಾನಾಗಿ ಹೇಳಲು ಅವರ ಹಟ ಬಿಡಲಿಲ್ಲ.

ಶ್ರಾವಣದ ಒಂದು ಸೋಮವಾರ. ಅತ್ತೆಗೆ ಉಪವಾಸ, ಸಂಜೆ ಪೂಜೆ ಮಾಡಿ ಬಿಡುವುದು. ದಿನವಿಡೀ ಅವರು ಕಟ್ಟೆಯ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಬೆರಳು ಆಡಿಸಿದರೆ ಮೀನು ಹಿಂದೆ ಬರುತ್ತಿರಲಿಲ್ಲ, ಇದ್ದಲ್ಲೇ ನಿಂತು ಒಂದು ಕಣ್ಣು ತಿರುಗಿಸುತ್ತಿತ್ತು. ನಾನು ಸಂಜೆಯ ಹಿಟ್ಟು ತೆಗೆಯಲು ಅಡುಗೆಮನೆಗೆ ಬಂದಾಗ ಅತ್ತೆ ನನ್ನ ಕಡೆ ನೋಡದೆ ಮಾತಾಡಿದರು.

‘ನಂದು ಉಪಾಸ. ಸಂಜೀಕ ಬಿಡ್ತೀನಿ ಅಂತ ನನಗ ಗೊತ್ತದ. ಇದಕ್ಕ ಸಂಜೀ ಅನ್ನೋದ ಗೊತ್ತಿಲ್ಲಲ್ಲ.’

ನಾನು ಹಿಟ್ಟಿನ ಡಬ್ಬಿ ಕೆಳಗಿಟ್ಟೆ.

‘ನಾ ಆಗಿ ಹಿಡದದ್ದು ಉಪಾಸ. ಇದರ ಮ್ಯಾಲ ನಾವು ಹೇರಿದ್ದು. ಇದು ಯಾವ ದೇವ್ರಿಗೆ ಬೇಡಿಕೊಂಡದ? ಹೋಗು, ಅದಕ್ಕ ಹಾಕು.’

‘ನನ್ನ ಕೈಲೆ ಹಾಕಿದ್ರ ನೀವು ಉಣ್ಣಂಗಿಲ್ಲಲ್ರಿ.’

‘ಉಣ್ಣಂಗಿಲ್ಲ. ಅಂದ ಮಾತು ಅಂದಂಗ.’

‘ಮತ್ತ?’

‘ಏನ ಮತ್ತ? ಪರಾತ ಇಳಿಸಿ ಇಲ್ಲಿಡು. ಅದರ ಹೊಟ್ಟಿ ನೀ ನೋಡು. ನನ್ನ ಹೊಟ್ಟಿ, ನಿನ್ನ ಹೊಟ್ಟಿ ನಾ ನೋಡ್ತೀನಿ.’

ನಾನು ಪರಾತ ಇಳಿಸಿಟ್ಟೆ. ಬರಣಿಯಿಂದ ಒಂದು ಹುಳು ತೆಗೆದು ನೀರಿಗೆ ಬಿಟ್ಟೆ. ಮೀನಿಗೆ ಅದರ ಹತ್ತಿರ ಬರಲು ತುಸು ಹೊತ್ತು ಹಿಡಿಯಿತು, ಬಂತು, ಕಾದಿತು, ಕಡಿಯಿತು. ನಾನು ಕೈ ತೊಳೆದು, ಒಣಗಿದ ಬಟ್ಟೆ ಮಡಚಿಟ್ಟು ಬರುವಷ್ಟರಲ್ಲಿ ಅತ್ತೆ ಪೂಜೆ ಮುಗಿಸಿ ಸೆರಗು ಸಿಕ್ಕಿಸಿಕೊಂಡು ಹಿಟ್ಟು ನಾದುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಆ ಕೈ ಹಿಟ್ಟಿಗೆ ಬಿದ್ದಿತ್ತು. ಬಡಿಯುವಾಗ ಭಕ್ಕರಿ ಒಂದು ಕಡೆ ಜಾರುತ್ತಿತ್ತು. ನಾನು ಹಿಡಿಯಲು ಹೋದೆ.

‘ಕೈ ಹಚ್ಚಬ್ಯಾಡ. ಕೂಡು ಅಲ್ಲಿ.’

ಕುಳಿತೆ. ಗಂಡ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಹಂಚಿನಿಂದ ಇಳಿದ ಮೊದಲ ಭಕ್ಕರಿಯನ್ನು ಅತ್ತೆ ನನ್ನ ತಾಟಿಗೆ ಹಾಕಿದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಎಲ್ಲರೂ ಉಂಡಾದ ಮೇಲೆ ಕಡೆಗೆ ಉಳಿದ ಆರಿದ ಭಕ್ಕರಿ ನನ್ನದು, ಅದೇ ರೂಢಿ. ಬಿಸಿಯದು ನನ್ನ ತಾಟಿಗೆ ಬಿದ್ದದ್ದು ಅವತ್ತೇ ಮೊದಲು.

‘ನೋಡ್ಕೋತ ಏನ ಕುಂತಿ? ಉಣ್ಣು, ಆರತದ.’

ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚೆಲ್ಲ ಒಡೆದಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೆನ್ನೋಣವೆಂದರೆ ನಮ್ಮದು ಗ್ಯಾಸಿನ ಒಲೆ. ಎರಡನ್ನು ಉಂಡು, ಮೂರನೆಯದಕ್ಕೆ ತಾಟು ಮುಂದೆ ಹಿಡಿದೆ.